ಮೌನ ಪಾಲಿಸದ ಚೀಲದ ಕುರಿತು

ಇವರಿಗೆ,
ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರು,
ಹೊಟ್ಟೆಗೆ ಅಂಟಿಸುವ ಚೀಲಗಳನ್ನು ತಯಾರಿಸುವ ಕಂಪನಿ.

ಮಾನ್ಯರೇ,

ತಮಗೂ ತಮ್ಮ ಕುಟುಂಬದ ಸಮಸ್ತರಿಗೂ ನನ್ನ ಸವಿನಯ ವಂದನೆಗಳು. ತಾವೆಲ್ಲರೂ ಕ್ಷೇಮವಾಗಿದ್ದೀರೆಂದೂ, ತಮ್ಮೆಲ್ಲರ ಕರುಳುಗಳು ಹುಟ್ಟಿದಾಗ ಎಲ್ಲಿದ್ದವೋ ಇಂದಿಗೂ ಅಲ್ಲಿಯೇ ಇವೆಯೆಂದೂ ನಂಬಿರುತ್ತೇನೆ. ನನ್ನ ಕ್ಷೇಮ ಸಮಾಚಾರದ ಒಂದು ಪಾಲು ಸದ್ಯ ತಮ್ಮ ಕಂಪನಿಯ ಚೀಲದೊಳಗೇ ಇರುವುದರಿಂದ, ಉಳಿದ ಪಾಲನ್ನು ಮಾತ್ರ ಈ ಪತ್ರದಲ್ಲಿ ನಿವೇದಿಸಿಕೊಳ್ಳುತ್ತೇನೆ. ಪತ್ರ ಸ್ವಲ್ಪ ಉದ್ದವಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಆ ಸೌಕರ್ಯ ಇನ್ನೂ ಇದೆ.

ನಾನು ಸಾರ್ವಜನಿಕ ಗ್ರಂಥಾಲಯವೊಂದರ ವಾಚನಾಲಯಕ್ಕೆ ಇಪ್ಪತ್ತೊಂಬತ್ತು ವರ್ಷಗಳಿಂದ ಮೇಲ್ವಿಚಾರಕ. ಪುಸ್ತಕಗಳನ್ನು ನೋಡಿಕೊಳ್ಳಲು ಬೇರೆಯವರಿದ್ದಾರೆ. ನಾನು ನೋಡಿಕೊಳ್ಳುವುದು ಮೌನವನ್ನು. ಅಲ್ಲಿನ ಕುರ್ಚಿಗಳ ಕಾಲಿಗೆ ರಬ್ಬರಿನ ಬೂಟು ತೊಡಿಸಿದವನು ನಾನು, ಬಾಗಿಲ ಕೀಲುಗಳಿಗೆ ಪ್ರತಿ ತಿಂಗಳ ಮೊದಲ ಸೋಮವಾರ ಸ್ವಂತ ಕೈಯಿಂದ ಎಣ್ಣೆ ಬಿಡುವವನು ನಾನು, ಬಿಸ್ಕತ್ತು ಕಡಿಯುತ್ತಿದ್ದ ಓದುಗರೊಬ್ಬರಿಗೆ ತಿನ್ನಲೇಬೇಕಿದ್ದರೆ ಚೀಪಿ ತಿನ್ನತಕ್ಕದ್ದು ಎಂದು ಲಿಖಿತ ಸೂಚನೆ ಕೊಟ್ಟವನೂ ನಾನೇ. ಓದುಗರು ನನಗೆ ‘ಶ್ ಸರ್’ ಎಂದು ಹೆಸರಿಟ್ಟಿರುವುದು ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದಾರೆ. ಗೊತ್ತಿದೆಯೆಂದು ತೋರಿಸಿಕೊಂಡರೆ ಎಲ್ಲಿ ಆ ಹೆಸರನ್ನು ಕೈಬಿಟ್ಟಾರೋ ಎಂದು ನಾನೂ ಸುಮ್ಮನಿದ್ದೇನೆ.

ಇಂಥವನಿಗೆ ಕಳೆದ ವರ್ಷ ಮಲದಲ್ಲಿ ರಕ್ತ ಕಾಣಿಸಿತು. ಇಷ್ಟಕ್ಕೆಲ್ಲ ಡಾಕ್ಟರ ಬಳಿ ಓಡುವುದು ಓದು ಬಾರದವರ ಪದ್ಧತಿಯೆಂದು ಭಾವಿಸಿದ ನಾನು, ವೈದ್ಯಕೀಯ ವಿಭಾಗದ ಕಪಾಟಿನೆದುರು ಎರಡು ಮಧ್ಯಾಹ್ನ ನಿಂತು, ಅಲ್ಲಿದ್ದ ರೋಗಗಳಲ್ಲಿ ನನ್ನ ಅಳತೆಗೆ ಒಪ್ಪುವಂಥದ್ದೊಂದನ್ನು ಅಂಗಡಿಯಲ್ಲಿ ಅಂಗಿ ಆರಿಸುವಂತೆ ಆರಿಸಿಕೊಂಡೆ. ಮೂಲವ್ಯಾಧಿ. ಹನ್ನೊಂದು ತಿಂಗಳು ಅದನ್ನೇ ತೊಟ್ಟುಕೊಂಡು ಓಡಾಡಿದೆ. ನನ್ನ ಹೆಂಡತಿ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಪರೀಕ್ಷಿಸುವವಳು. ಎಷ್ಟೇ ತಿಳಿಯಾಗಿ ಕಂಡರೂ ಯಾವುದನ್ನೂ ಬರಿಗಣ್ಣಿನಿಂದ ನಂಬುವವಳಲ್ಲ. ಅವಳಿಗೆ ವಿಷಯ ತಿಳಿದ ದಿನ “ಆ ಪುಸ್ತಕ ನಿಮ್ಮ ಹೊಟ್ಟೆ ಒಳಗೆ ಇಣುಕಿ ನೋಡಿ ಬಂದಿತ್ತಾ?” ಎಂದು ಒಂದೇ ಮಾತು ಕೇಳಿ, ನನ್ನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಅಲ್ಲಿ ಕ್ಯಾಮೆರಾ ಇಣುಕಿ ನೋಡಿತು. ಕ್ಯಾನ್ಸರ್ ಎಂಬ ಮಾತು ಬಂತು. ಶಸ್ತ್ರಚಿಕಿತ್ಸಕರು ಚೀಟಿಯ ಬೆನ್ನ ಮೇಲೆ, ನಲ್ಲಿ ರಿಪೇರಿಯವರು ಬಚ್ಚಲಿನ ಪೈಪು ಬರೆದು ತೋರಿಸುವಂತೆ, ನನ್ನ ಒಳಗನ್ನು ಬರೆದು ತೋರಿಸಿದರು: ದೊಡ್ಡ ಕರುಳಿನ ಕೊನೆಯ ಒಂದು ಗೇಣನ್ನು ಕತ್ತರಿಸುವುದು, ಉಳಿದ ತುದಿಗಳನ್ನು ಜೋಡಿಸುವುದು, ಜೋಡಣೆ ಗಟ್ಟಿಯಾಗುವ ತನಕ ಆ ದಾರಿಯಲ್ಲಿ ಏನೂ ಹಾಯದಂತೆ ಸಣ್ಣ ಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಬಲಗಡೆಯಿಂದ ಹೊರಗೆಳೆದು, ಬಾಯಿ ತೆರೆದು, ಅದಕ್ಕೊಂದು ಚೀಲ ಅಂಟಿಸುವುದು. “ಮೂರು ತಿಂಗಳು ಅಷ್ಟೇ, ಆಮೇಲೆ ಒಳಗೆ ಹಾಕಿ ಹೊಲಿದುಬಿಡ್ತೀನಿ” ಎಂದರು. ಮೂರು ತಿಂಗಳು ಎಂಬುದನ್ನು ನಾನು ಸರ್ಕಾರಿ ಆದೇಶದಂತೆ ಮನಸ್ಸಿನಲ್ಲಿ ಮೊಹರು ಹಾಕಿ ಇಟ್ಟುಕೊಂಡೆ.

ತಮ್ಮ ಉತ್ಪನ್ನವನ್ನು ನನಗೆ ಮೊದಲು ಪರಿಚಯಿಸಿದವರು ಇದಕ್ಕೆಂದೇ ಇರುವ ನರ್ಸ್ ಒಬ್ಬರು. ಆಪರೇಷನ್ ಆದ ಮೂರನೇ ದಿನ ಹೊದಿಕೆ ಸರಿಸಿ, ತೊಟ್ಟಿಲು ಬಗ್ಗಿ ನೋಡುವವರ ಸಂಭ್ರಮದಲ್ಲಿ “ಅಯ್ಯೋ, ಎಷ್ಟು ಮುದ್ದಾಗಿ ಬಂದಿದೆ ನೋಡಿ ಸರ್, ಕೆಂಪಗೆ, ಒದ್ದೆಯಾಗಿ!” ಎಂದರು. ನಾನು ಚಾವಣಿಯ ಕಡೆ ನೋಡುತ್ತ, ಫ್ಯಾನಿಗೆ ಮೂರು ರೆಕ್ಕೆಗಳಿವೆ ಎಂಬ ಮಾಹಿತಿಯನ್ನು ಅವರಿಗೆ ನೀಡಿದೆ. ಅವರು ತಮ್ಮ ಕಂಪನಿಯ ಕರಪತ್ರವನ್ನು ನನ್ನ ಕೈಗಿತ್ತರು. ಅದರ ಮುಖಪುಟದಲ್ಲಿ ಸೈಕಲ್ಲಿನ ಮೇಲೆ ಹಲ್ಲು ಬಿಟ್ಟು ನಗುತ್ತಿರುವ ಮಹನೀಯರೊಬ್ಬರಿದ್ದರು. ಅವರ ಚೀಲ ಎಲ್ಲಿದೆಯೆಂದು ಎಷ್ಟು ಹುಡುಕಿದರೂ ನನಗೆ ಕಾಣಲಿಲ್ಲ. ಇರುವುದೇ ಇಲ್ಲ ಎಂಬುದು ನನ್ನ ಹೆಂಡತಿಯ ತೀರ್ಮಾನ. ಕೆಳಗೆ ದಪ್ಪಕ್ಷರದಲ್ಲಿ ‘ಸದ್ದಿಲ್ಲದೆ ನಿಮ್ಮೊಂದಿಗೆ’ ಎಂದಿತ್ತು.

ನನ್ನ ದೂರು ಆ ಮೊದಲ ಪದದ ಬಗ್ಗೆ, ಮಾನ್ಯರೇ. ಸದ್ದು ಮಾಡುವುದು ಚೀಲವಲ್ಲ, ಚೀಲದೊಳಗೆ ತೆರೆದುಕೊಂಡಿರುವ ನಿಮ್ಮದೇ ಕರುಳು ಎಂದು ತಾವು ಜಾರಿಕೊಳ್ಳಬಹುದು. ಒಪ್ಪುತ್ತೇನೆ. ಆದರೆ ವಾಚನಾಲಯದಲ್ಲಿ ಮಗು ಅತ್ತರೆ ನಾನು ಮಗುವನ್ನೊಂದನ್ನೇ ಹೊರಗೆ ಕಳಿಸುವುದಿಲ್ಲ, ಎತ್ತಿಕೊಂಡವರನ್ನೂ ಕಳಿಸುತ್ತೇನೆ. ಕರುಳಿನ ಕರೆ ಎಂಬ ಮಾತನ್ನು ಈವರೆಗೆ ನಾನು ಕವಿಗಳ ಅತಿಶಯ ಎಂದುಕೊಂಡಿದ್ದೆ. ಈಗ ಅದು ದಿನಕ್ಕೆ ಹದಿನೈದು ಸಲ, ಅಂಗಿಯ ಕೊನೆಯ ಗುಂಡಿಯ ಪಕ್ಕದಿಂದ, ಒಮ್ಮೆ ಗುಳುಗುಳು ಎಂದು, ಒಮ್ಮೆ ಸ್ಟಾರ್ಟ್ ಆಗಲೊಲ್ಲದ ಹಳೆಯ ಸ್ಕೂಟರಿನಂತೆ ಪುರ್‍ರ್ ಎಂದು, ಯಾವ ಮುನ್ಸೂಚನೆಯೂ ಇಲ್ಲದೆ ಕೇಳಿಸುತ್ತದೆ.

ನಾನು ಮನೆಗೆ ಬಂದ ವಾರ ನನ್ನ ಅಕ್ಕ ಭಾವ ನೋಡಲು ಬಂದರು. ಅಕ್ಕ ಜೀವಮಾನದಲ್ಲಿ ಮೆಲ್ಲಗೆ ಮಾತಾಡಿದವಳಲ್ಲ. ಅದೇ ಕಾರಣಕ್ಕೆ ಅವಳಿಗೆ ನಾನು ವಾಚನಾಲಯದ ಸದಸ್ಯತ್ವ ಕೊಟ್ಟಿಲ್ಲ. ಅವಳೂ ಅಂದು ಸೋಫಾದ ತುದಿಯಲ್ಲಿ ಕುಳಿತು, ಎಲ್ಲ ಆಗಿಹೋದ ಮೇಲೆ ಬಳಸುವ ದನಿಯಲ್ಲಿ “ಏನೂ ಆಗಲ್ಲ ಬಿಡೋ” ಎಂದಳು. ಆ ಮಾತಿನ ಹಿಂದೆ ಬಂದ ಘನವಾದ ಮೌನದಲ್ಲಿ ತಮ್ಮ ಚೀಲದೊಳಗಿನಿಂದ ಸುದೀರ್ಘವಾದ ಉತ್ತರ ಹೊರಟಿತು. ಭಾವ ಗಾಬರಿಯಾಗಿ ಸೋಫಾದ ಕೆಳಗೆ ಬಗ್ಗಿ ನೋಡಿ “ನಾಯಿ ಸಾಕಿದ್ದೀರಾ?” ಎಂದರು. ನನ್ನ ಹೆಂಡತಿ “ಇಲ್ಲ ಭಾವ, ಇವರೇ” ಎಂದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದವಳು, ನಕ್ಕು ನಕ್ಕು ಕಣ್ಣೀರು ಬಂದು, ಆ ಕಣ್ಣೀರು ಯಾವಾಗ ನಗುವಿನದ್ದಲ್ಲದೆ ಹೋಯಿತೋ ನಮಗ್ಯಾರಿಗೂ ತಿಳಿಯದಂತೆ ಬಹಳ ಹೊತ್ತು ಅತ್ತಳು.

ಅಂದಿನಿಂದ ಬಂದುಹೋದವರೆಲ್ಲರೂ ಪಿಸುಗುಟ್ಟಿದರು. ಪಕ್ಕದ ಮನೆಯವರು ರೇಡಿಯೋ ತಗ್ಗಿಸಿದರು. ಜನ ದನಿ ತಗ್ಗಿಸಲೆಂದು ಇಪ್ಪತ್ತೊಂಬತ್ತು ವರ್ಷ ಹೆಣಗಿದವನಿಗೆ, ಈ ರೋಗ ಎರಡೇ ವಾರದಲ್ಲಿ ಅದನ್ನು ಸಾಧಿಸಿ ತೋರಿಸಿತು. ದನಿ ತಗ್ಗಿಸದೆ ಇದ್ದವಳು ಹೆಂಡತಿಯೊಬ್ಬಳೇ. ಅವಳು ಪ್ರಯೋಗಾಲಯದಿಂದ ಗೆರೆ ಹಾಕಿದ ಗಾಜಿನ ಜಾಡಿಯೊಂದನ್ನು ತಂದು, ಚೀಲದಿಂದ ಹೊರಬಂದದ್ದನ್ನು ಹೊತ್ತುಹೊತ್ತಿಗೆ ಅಳೆದು “ಇವತ್ತು ಒಳ್ಳೇ ಗಟ್ಟಿ ಇದೆ ರೀ, ಭೇಷ್!” ಎನ್ನುತ್ತಿದ್ದಳು. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನನ್ನ ಯಾವ ಕೃತಿಗೂ ಅವಳಿಂದ ಇಂಥ ಮೆಚ್ಚುಗೆ ದೊರೆತದ್ದಿಲ್ಲ.

ನಾಲ್ಕನೇ ವಾರ ಕತ್ತರಿಸಿದ ಭಾಗದ ವರದಿ ಬಂತು. ಕರುಳಿನ ಜೊತೆಗೆ ತೆಗೆದ ಹದಿನೇಳು ಗ್ರಂಥಿಗಳಲ್ಲಿ ಮೂರಕ್ಕೆ ಕ್ಯಾನ್ಸರ್ ಮುಟ್ಟಿತ್ತು. ನಾನು ಮಗನ ಅಂಕಪಟ್ಟಿ ಹಿಡಿದ ತಂದೆಯಂತೆ “ಹದಿನೇಳಕ್ಕೆ ಮೂರು ಅಂದ್ರೆ ಕಡಿಮೆನೇ ಅಲ್ವಾ ಡಾಕ್ಟ್ರೇ?” ಎಂದೆ. ಕ್ಯಾನ್ಸರ್ ಔಷಧಿಯ ಡಾಕ್ಟರಮ್ಮ ಕನ್ನಡಕ ತೆಗೆದು, ನೇರ ನೋಡಿ “ಸೊನ್ನೆ ಇದ್ದಿದ್ರೆ ಚೆನ್ನಾಗಿತ್ತು” ಎಂದರು. ಹದಿನೈದು ದಿನಕ್ಕೊಂದರಂತೆ ಹನ್ನೆರಡು ಸುತ್ತು ಕಿಮೋ, ಆಪರೇಷನ್ ಆಗಿ ಎಂಟು ವಾರ ಕಳೆಯುವುದರೊಳಗೆ ಶುರುವಾಗಬೇಕು, ಎಲ್ಲ ಮುಗಿದ ಮೇಲೆಯೇ ಕರುಳನ್ನು ಒಳಗೆ ಹಾಕುವ ಮಾತು. ಹೊಸ ಪುಸ್ತಕ ತರಿಸಿ ಎಂದು ಸಲಹೆ ಕೊಡುವ ಓದುಗರಿಗೆ ನಾನು ಯಾವ ದನಿಯಲ್ಲಿ ಹೇಳುತ್ತೇನೋ ಅದೇ ದನಿಯಲ್ಲಿ “ಯೋಚನೆ ಮಾಡಿ ಹೇಳ್ತೀನಿ” ಎಂದು ಎದ್ದು ಬಂದೆ.

ಆಮೇಲೆ ನಾನು ನಡೆದುಕೊಂಡ ರೀತಿಗಾಗಿ ತಮ್ಮ ಕಂಪನಿಯಲ್ಲಿ ಕ್ಷಮೆ ಕೇಳಬೇಕಾದ್ದಿದೆ. ಔಷಧಿಗೆ ನನ್ನದೇನೂ ತಕರಾರಿಲ್ಲ, ಆದರೆ ಇನ್ನೂ ಆರು ತಿಂಗಳು ಈ ಚೀಲ ಕಟ್ಟಿಕೊಂಡಿರಲು ನನ್ನಿಂದಾಗದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಕಿಮೋ ಬೇಡವೆಂದರೆ ಮೂರು ತಿಂಗಳಿಗೆ ಸರಿಯಾಗಿ ಚೀಲ ಕಳಚಬಹುದಲ್ಲವೇ ಎಂದು ಮನಸ್ಸಿನಲ್ಲೇ ತಾರೀಖು ಹಾಕಿದೆ. ತಮ್ಮ ಚೀಲದ ಅಂಟು, ವಾಸನೆ, ಬಣ್ಣ, ಮಡಿಕೆ ಎಲ್ಲದರ ಬಗ್ಗೆಯೂ ಟಿಪ್ಪಣಿ ಮಾಡಿದೆ. ನಿಜ ಹೇಳಬೇಕೆಂದರೆ ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ಐದನೇ ವಾರ ಕಳೆಯಿತು, ಆರನೆಯದೂ ಕಳೆಯಿತು. ಹೆಂಡತಿ ಒತ್ತಾಯಿಸಲಿಲ್ಲ, ಜಗಳವಾಡಲಿಲ್ಲ. ಅಳೆದು ಬರೆದುಕೊಂಡಳು, ಅಷ್ಟೇ. ಭೇಷ್ ಎನ್ನುವುದನ್ನು ಮಾತ್ರ ನಿಲ್ಲಿಸಿದ್ದಳು.

ಏಳನೇ ವಾರದ ಒಂದು ಬೆಳಿಗ್ಗೆ, ರಜೆಯ ಅರ್ಜಿಗೆ ಸಹಿ ಹಾಕುವ ನೆಪದಲ್ಲಿ ನಾನು ಗ್ರಂಥಾಲಯಕ್ಕೆ ಹೋದೆ. ಸಿಬ್ಬಂದಿಗೆಲ್ಲ ಹರ್ನಿಯಾ ಆಪರೇಷನ್ ಎಂದು ಹೇಳಿದ್ದೆ. ವಾಚನಾಲಯದ ಬಾಗಿಲು ತಳ್ಳಿದರೆ ಕಿರ್ ಎಂದಿತು. ಎರಡು ಸೋಮವಾರ ಎಣ್ಣೆ ಬಿದ್ದಿರಲಿಲ್ಲ. ಒಳಗೆ ಇಪ್ಪತ್ತು ಇಪ್ಪತ್ತೈದು ಜನ ಬಗ್ಗಿ ಓದುತ್ತಿದ್ದರು. ಆ ಮೌನವನ್ನು ನೋಡಿ, ನಾನಿಲ್ಲದೆಯೂ ಅದು ಹಾಗೆಯೇ ಇದೆಯಲ್ಲ ಎಂದು ಸಂತೋಷಪಡಬೇಕೋ ಸಂಕಟಪಡಬೇಕೋ ಎಂದು ನಿರ್ಧರಿಸುವಷ್ಟರಲ್ಲಿ, ಮಾನ್ಯರೇ, ತಮ್ಮ ಚೀಲದೊಳಗಿನಿಂದ ಆವರೆಗಿನ ಎಲ್ಲ ದಾಖಲೆಗಳನ್ನೂ ಮುರಿದ ಸದ್ದೊಂದು ಹೊರಟು, ನಕಾಶೆಗಳ ಕಪಾಟಿನ ತನಕ ಹೋಗಿ ಮರಳಿ ಬಂತು.

ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಕೇಳಿಸದವರಂತೆ ಮತ್ತಷ್ಟು ಬಗ್ಗಿದರು. ಸಭ್ಯತೆ ಎಷ್ಟು ಕ್ರೂರವಾಗಿರಬಲ್ಲದು ಎಂಬುದು ನನಗೆ ಅಂದು ಗೊತ್ತಾಯಿತು. ಆಗ ಪತ್ರಿಕೆಗಳ ಮೇಜಿನ ಕಡೆಯಿಂದ “ಶ್!” ಎಂದು ಕೇಳಿಸಿತು. ನಿವೃತ್ತ ರೈಲು ಚಾಲಕರೊಬ್ಬರು, ನಮ್ಮಲ್ಲಿ ಎಲ್ಲರೂ ‘ಗಾಡಿ ಅಜ್ಜ’ ಎನ್ನುವವರು, ಪತ್ರಿಕೆ ಕೆಳಗಿಳಿಸಿ, ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದರು. ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆಂದು ನಾನೇ ಅವರನ್ನು ಮೂರು ಸಲ ಹೊರಗೆ ಕಳಿಸಿದ್ದೇನೆ. “ಹೊರಗೆ ಹೋಗಿ ಮುಗಿಸ್ಕೊಂಡು ಬನ್ನಿ. ನಿಯಮ ಅಂದ್ರೆ ಎಲ್ಲರಿಗೂ ನಿಯಮ” ಎಂದರು. ಏಳು ವಾರಗಳಲ್ಲಿ ನನ್ನ ಮೇಲೆ ರೇಗಿದ ಮೊದಲ ಮನುಷ್ಯ ಅವರು. ನನಗೆ ಎಷ್ಟು ಹಗುರವಾಯಿತೆಂದರೆ, ಕ್ಷಮಿಸಿ ಎಂದು ಹೇಳುವುದನ್ನೂ ಮರೆತು ವಿಧೇಯನಾಗಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ.

ಸ್ವಲ್ಪ ಹೊತ್ತಿಗೆ ಅವರೂ ಬಂದು ಕುಳಿತರು. “ಅದೇನ್ರೀ ಅದು?” ಎಂದರು. ಹರ್ನಿಯಾ ಎನ್ನಲು ಬಾಯಿ ತೆರೆದವನು, ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅಯ್ಯೋ ಪಾಪ ಎನ್ನಲಿಲ್ಲ. ಅವರ ಆಸಕ್ತಿಯೆಲ್ಲ ಮಾರ್ಗದ ಮೇಲಿತ್ತು. “ಅಂದ್ರೆ ಮೇನ್ ಲೈನ್ ರಿಪೇರಿ, ಅದಕ್ಕೆ ಗಾಡಿನ ಪಕ್ಕದ ಲೈನಿಗೆ ಹಾಕಿದಾರೆ” ಎಂದು ತಮಗೆ ತಾವೇ ತಿಳಿಸಿಕೊಂಡು ತಲೆದೂಗಿದರು. ಮುಂದೇನು ಎಂದು ಕೇಳಿದರು. “ಆರು ತಿಂಗಳು ಔಷಧಿ ಅಂತಾರೆ. ಯೋಚನೆ ಮಾಡ್ತಿದೀನಿ” ಎಂದೆ. “ಏನಂತ?” ಎಂದರು.

ಮಾನ್ಯರೇ, ಮೂರು ವಾರಗಳಿಂದ ನಾನು ಯೋಚಿಸುತ್ತಿದ್ದೇನೆಂದು ಎಲ್ಲರೂ ನಂಬಿದ್ದರು, ಆದರೆ ಏನಂತ ಎಂದು ಒಬ್ಬರೂ ಕೇಳಿರಲಿಲ್ಲ. ಹುಡುಕಿ ನೋಡಿದರೆ ತಲೆಯೊಳಗೆ ಒಂದೇ ಒಂದು ಯೋಚನೆಯೂ ಇರಲಿಲ್ಲ. ತಮ್ಮ ಚೀಲವೂ ಇರಲಿಲ್ಲ. ಔಷಧಿ ತೆಗೆದುಕೊಂಡೂ ಕ್ಯಾನ್ಸರ್ ಮರಳಿ ಬಂದರೆ ಆಮೇಲೆ ದೂರಲು ಏನೂ ಉಳಿಯುವುದಿಲ್ಲವಲ್ಲ ಎಂಬುದೊಂದು ಮಾತ್ರ ಮೂಲೆಯಲ್ಲಿ ಮುದುಡಿ ಕುಳಿತಿತ್ತು. “ಹೆದರಿಕೆ ಆಗ್ತಿದೆ” ಎಂದೆ. ಗಾಡಿ ಅಜ್ಜ “ಹಾಗನ್ನಿ ಮತ್ತೆ. ಯೋಚನೆ ಅಂದ್ರಲ್ಲ, ನಾನು ಇನ್ನೇನೋ ಅಂದ್ಕೊಂಡೆ” ಎಂದು, ಬೇರೆ ಯಾರಾದರೂ ತಮ್ಮ ಪತ್ರಿಕೆ ಎತ್ತಿಕೊಂಡಾರೆಂದು ಎದ್ದು ಒಳಗೆ ಹೋದರು.

ನಾನು ಅಲ್ಲಿಂದ ನೇರವಾಗಿ ಹೆಂಡತಿಯ ಪ್ರಯೋಗಾಲಯಕ್ಕೆ ಹೋದೆ. ಅವಳು ಸಾಲಾಗಿ ನಿಲ್ಲಿಸಿದ ಬಾಟಲಿಗಳಿಗೆ ಯಾವುದೋ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, ಮೆಟ್ಟಿಲ ಮೇಲೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಅವಳು ಹನಿ ಎಣಿಸುವುದನ್ನು ನಿಲ್ಲಿಸಲಿಲ್ಲ, ಆ ಬಾಟಲಿ ಮುಗಿಸಿ, ಮುಚ್ಚಳ ಹಾಕಿ, ಕೈಗವಸು ಕಳಚಿ, ಆಮೇಲೆ “ನಾನು ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಹತ್ತು ನಿಮಿಷ ಅತ್ತು ಕೆಲಸ ಶುರು ಮಾಡ್ತೀನಿ. ನೀವು ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ” ಎಂದಳು. ದನಿ ಆಗಲೂ ತಗ್ಗಿರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಕೇಳಿಸದವರಂತೆ ಕಿಟಕಿಯ ಕಡೆ ತಿರುಗಿದರು. ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಎಂಟನೇ ವಾರ ಮುಗಿಯಲು ಎಂಟು ದಿನ ಉಳಿದಿತ್ತು.

ಮೊದಲ ಸುತ್ತಿಗೆ ನಾನು ವೀರನ ಭಂಗಿಯಲ್ಲಿ ತಯಾರಾಗಿ ಹೋಗಿದ್ದೆ. ಸೂಜಿ ಚುಚ್ಚಿ ಔಷಧಿ ಬಿಟ್ಟ ಅರ್ಧ ಗಂಟೆಯಲ್ಲಿ ನಿದ್ದೆ ಹೋಗಿ, ಎಂಟು ಜನ ರೋಗಿಗಳ ನಡುವೆ ಬಾಯಿ ತೆರೆದು ಗೊರಕೆ ಹೊಡೆದೆನಂತೆ. ತಣ್ಣನೆಯ ಏನನ್ನೂ ಮುಟ್ಟಬೇಡಿ ಎಂದಿದ್ದರು. ಮನೆಗೆ ಬಂದವನೇ ಮರೆತು ಕಬ್ಬಿಣದ ಗೇಟು ಹಿಡಿದೆ, ಬೆರಳುಗಳಿಗೆ ಕರೆಂಟು ಹೊಡೆದಂತಾಗಿ ನೆರೆಯವರು ರೇಡಿಯೋ ನಿಲ್ಲಿಸಿ ಹೊರಬರುವಷ್ಟು ಕಿರುಚಿದೆ. ನಾಲ್ಕನೇ ದಿನ ಮಾತ್ರ ತಮಾಷೆಯಿರಲಿಲ್ಲ. ಬಚ್ಚಲಿನ ನೆಲದಿಂದ ಏಳಲಾಗದೆ ಬಿದ್ದುಕೊಂಡಿದ್ದೆ. ಹೆಂಡತಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು. “ಏನಾದ್ರೂ ಹೇಳು” ಎಂದೆ. ಅವಳು ಸುತ್ತ ನೋಡಿ “ಸೋಪು ತರಬೇಕು” ಎಂದಳು. ಅಂದು ನನಗೆ ಯಾರು ಏನು ಹೇಳಿದ್ದರೂ ಅದಕ್ಕಿಂತ ಸಮಾಧಾನ ಆಗುತ್ತಿರಲಿಲ್ಲ.

ಈಗ ಎರಡು ಸುತ್ತು ಮುಗಿದಿದೆ, ಹತ್ತು ಬಾಕಿಯಿದೆ. ಆರನೆಯದರ ನಂತರ ಸ್ಕ್ಯಾನ್ ಮಾಡುತ್ತಾರಂತೆ; ಅದರಲ್ಲಿ ಏನು ಕಾಣುತ್ತದೆಯೋ ಡಾಕ್ಟರಮ್ಮನಿಗೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಅವರೇ ಹೇಳಿದರು. ಮೈ ಸರಿಯಿದ್ದ ವಾರ ನಾನು ಅರ್ಧ ದಿನ ಕೆಲಸಕ್ಕೆ ಹೋಗುತ್ತೇನೆ. ಮೊನ್ನೆ ಒಬ್ಬರು ಸೀನಿದಾಗ ತುಟಿಗೆ ಬೆರಳು ಒಯ್ಯಲು ಹೋಗಿ ಅರ್ಧದಲ್ಲೇ ಇಳಿಸಿದೆ. ಇದನ್ನು ತಾವು ಮನಃಪರಿವರ್ತನೆ ಎಂದು ತಿಳಿಯಬಾರದು. ಔಷಧಿಯಿಂದ ಬೆರಳಿಗೆ ಜೋಮು ಹಿಡಿದಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಬಹಳ ಚಿಕ್ಕವು. ಮುಂದಿನ ಮಾದರಿಯ ಚೀಲಕ್ಕೆ ಸದ್ದು ತಗ್ಗಿಸುವ ಗುಂಡಿಯೊಂದನ್ನು, ಸಾಧ್ಯವಾದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಾನಾಗಿ ತಗ್ಗುವಂತೆ, ಅಳವಡಿಸಬೇಕು. ಅದಾಗದಿದ್ದರೆ ಕನಿಷ್ಠ ಎದುರಿನವರ ವಾಕ್ಯ ಪೂರ್ಣವಿರಾಮ ತಲುಪುವವರೆಗೆ ಕಾಯುವ ಶಿಸ್ತನ್ನಾದರೂ ಅದಕ್ಕೆ ಕಲಿಸಬೇಕು. ಸೈಕಲ್ಲಿನ ಮಹನೀಯರ ವಿಳಾಸವನ್ನು ದಯಪಾಲಿಸಬೇಕು. ಇಲ್ಲವೇ ಮುಂದಿನ ಮುದ್ರಣದಲ್ಲಿ ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೆವೆತ ಮುಖದಿಂದ ಶೌಚಾಲಯ ಎಲ್ಲಿದೆಯೆಂದು ವಿಚಾರಿಸುತ್ತಿರುವ ಚಿತ್ರವನ್ನು ಹಾಕಿಸಬೇಕು. ಆ ಚಿತ್ರ ನೋಡಿದ್ದರೆ ನನಗೆ ಆಸ್ಪತ್ರೆಯಲ್ಲಿ ಫ್ಯಾನಿನ ರೆಕ್ಕೆ ಎಣಿಸುವ ಪ್ರಸಂಗ ಬರುತ್ತಿರಲಿಲ್ಲ. ಉಳಿದಂತೆ ತಮ್ಮ ಅಂಟು ಉತ್ತಮವಾಗಿದೆ. ನನ್ನ ಮಾತಿಗಿಂತ ಗಟ್ಟಿಯಾಗಿ ನಿಂತಿದೆ.

ಇಂತು, ಚರ್ಮ ಕಿತ್ತು ಬರುವವರೆಗೂ
ತಮ್ಮ ವಿಶ್ವಾಸಿ,
ವಾಚನಾಲಯದ ಮೇಲ್ವಿಚಾರಕ (ಅರ್ಧ ದಿನ)

ಮತ್ತೊಂದು ಮಾತು: ಈ ಪತ್ರವನ್ನು ಲಕೋಟೆಗೆ ಹಾಕುತ್ತಿರುವಾಗಲೇ ತಮ್ಮ ವಿಭಾಗದ ಯಂತ್ರವೊಂದು ಮಧುರವಾದ ಹೆಣ್ಣುದನಿಯಲ್ಲಿ ಫೋನು ಮಾಡಿ, ನಮ್ಮ ಉತ್ಪನ್ನವನ್ನು ನಿಮ್ಮ ಆಪ್ತರಿಗೆ ಶಿಫಾರಸು ಮಾಡುತ್ತೀರಾ ಎಂದು ಕೇಳಿತು. ನನಗಿರುವ ಆಪ್ತರು ಕಡಿಮೆ, ಅವರು ಚೆನ್ನಾಗಿರಲಿ. ಬದಲಿಗೆ ನನ್ನ ರಜೆಯ ಅರ್ಜಿಯನ್ನು ಎರಡು ಸಲ ವಾಪಸು ಕಳಿಸಿದ ಮೇಲಧಿಕಾರಿಯ ಹೆಸರನ್ನು ಕೊಟ್ಟಿದ್ದೇನೆ. ಎರಡನೆಯ ಪ್ರಶ್ನೆ, ಇನ್ನೂ ಎಷ್ಟು ಕಾಲ ನೀವು ನಮ್ಮೊಂದಿಗೆ ಇರುತ್ತೀರಿ ಎಂಬುದು. ಇದನ್ನು ಕೇಳುವ ಧೈರ್ಯ ನನ್ನ ಅಕ್ಕನಿಗಿಲ್ಲ, ಹೆಂಡತಿಗಿಲ್ಲ, ತಮ್ಮ ಯಂತ್ರಕ್ಕಿದೆ, ಅಭಿನಂದನೆಗಳು. ಉತ್ತರವಾಗಿ ವರ್ಷಗಳ ಲೆಕ್ಕದಲ್ಲಿ ಒಂದರಿಂದ ಒಂಬತ್ತರವರೆಗಿನ ಯಾವುದಾದರೂ ಅಂಕಿಯನ್ನು ಒತ್ತಬೇಕೆಂದಿತು. ನಾನು ಒಂಬತ್ತನ್ನು ಒತ್ತಿದೆ, ಆಮೇಲೆ ಇನ್ನೊಂದು ಒಂಬತ್ತು, ಇನ್ನೊಂದು, ಇನ್ನೊಂದು, ಕೊನೆಗೆ ತಮ್ಮ ಯಂತ್ರವೇ ಬೇಸತ್ತು ಫೋನಿಡುವ ತನಕ.